ಇಗ್ವಾನಾಗೆ ಯಾವ ಮನೆ?

ಪ್ರಶ್ನೆ: ಎರಡೂವರೆ ಅಡಿಯ ಹಸಿರು ಇಗ್ವಾನಾ (ದೊಡ್ಡ ಹಲ್ಲಿಯಂಥ ಪ್ರಾಣಿ) ಸಾಕಿದ್ದೇವೆ. ಮಂಡ್ಯದಿಂದ ಮೈಸೂರಿಗೆ ಬರಬೇಕಿದೆ. ಕುವೆಂಪುನಗರದಲ್ಲಿ ನೆಲಮಹಡಿ ಮನೆ, ವಿಜಯನಗರದಲ್ಲಿ ಟೆರೇಸಿನ ಮೇಲೆ ಶೀಟ್ ಹಾಕಿದ ಮನೆ ಸಿಕ್ಕಿವೆ. ಬಾಡಿಗೆ ಎರಡನೆಯದಕ್ಕೆ ಕಡಿಮೆ. ಯಾವುದು ಸರಿ?

ಉತ್ತರ: ನೆಲಮಹಡಿಯದೇ. ಏಪ್ರಿಲ್ ಮಧ್ಯಾಹ್ನ ಶೀಟಿನಡಿ ಕಾವು ಏರಿದರೆ ಪ್ರಾಣಿಗೆ ತಂಪಿನ ಮೂಲೆಯೇ ಉಳಿಯುವುದಿಲ್ಲ. ಜನವರಿ ರಾತ್ರಿ ಅದೇ ಶೀಟು ಬೇಗ ತಣ್ಣಗಾಗುತ್ತದೆ. ಉಳಿಸಿದ ಬಾಡಿಗೆ ಕರೆಂಟ್ ಬಿಲ್ಲಿಗೆ ಹೋಗುತ್ತದೆ, ಅಷ್ಟೆ.

ಮನೆ ನೋಡುವಾಗ ಟೇಪ್ ಒಯ್ಯಿರಿ. ಇದು ಪೂರ್ತಿ ಬೆಳೆದರೆ ಬಾಲ ಸೇರಿ ಐದಡಿ ದಾಟುವ ಪ್ರಾಣಿ. 6 ಅಡಿ ಉದ್ದ, 3 ಅಡಿ ಅಗಲ, 6 ಅಡಿ ಎತ್ತರದ ಗೂಡು ಇಡಲು ಗೋಡೆ ಪಕ್ಕ ಜಾಗ ಬೇಕು. ಗೂಡಿನೊಳಗೆ ಬಿಸಿಲು ಕಾಯುವ ಕೊಂಬೆಯ ಮೇಲೆ 35 ಡಿಗ್ರಿ, ಉಳಿದೆಡೆ 26ರಿಂದ 30, ರಾತ್ರಿ 23ಕ್ಕಿಂತ ಇಳಿಯಬಾರದು. ಸೆರಾಮಿಕ್ ಹೀಟರನ್ನು (ಬೆಳಕಿಲ್ಲದೆ ಕಾವು ಕೊಡುವುದು) ಥರ್ಮೋಸ್ಟಾಟ್ (ಕಾವು ಮಿತಿಯಲ್ಲಿಡುವ ಸಾಧನ) ಮೂಲಕವೇ ಕೊಡಿ, ಸುತ್ತ ಜಾಲರಿ ಇರಲಿ. ಇಲ್ಲದಿದ್ದರೆ ಅದನ್ನೇ ತಬ್ಬಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಇನ್ವರ್ಟರ್ ಲೈನ್ ಆ ಕೋಣೆಗೆ ಬಂದಿದೆಯೇ ಎಂದು ಸ್ವಿಚ್ ಹಾಕಿಯೇ ನೋಡಿ.

ಪೂರ್ವದ ಕಿಟಕಿ ಇದ್ದರೆ ಒಳ್ಳೆಯದು, ಆದರೆ ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಯುವಿಬಿ ಕಿರಣವನ್ನು (ಬಿಸಿಲಿನ ಒಂದು ಬಗೆಯ ಅತಿನೇರಳೆ ಕಿರಣ) ಗಾಜು ತಡೆಯುತ್ತದೆ. ಕಿಟಕಿ ಬಿಸಿಲನ್ನೇ ನಂಬಿದರೆ ಕ್ಯಾಲ್ಸಿಯಂ ಮೈಗೆ ಹತ್ತದೆ ದವಡೆ, ಕಾಲಿನ ಮೂಳೆ ಮೆತ್ತಗಾಗುತ್ತವೆ. ಯುವಿಬಿ ಟ್ಯೂಬ್ ಹಾಕಲೇಬೇಕು. ಉರಿಯುತ್ತಿದ್ದರೂ ಅದರ ಕಿರಣ ಕ್ಷೀಣಿಸುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಿ.

ಮಾಲೀಕರಿಗೆ ಮೊದಲೇ ಹೇಳಿ, ಕರಾರಿನಲ್ಲಿ ಬರೆಸಿ. ಹಸಿರು ಇಗ್ವಾನಾ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ; 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಕಡ್ಡಾಯ. ಆ ನೋಂದಣಿ ಪತ್ರದ ಪ್ರತಿ ಕೈಯಲ್ಲಿದ್ದರೆ ಅರ್ಧ ಮಾತು ಉಳಿಯುತ್ತದೆ. ಹೊಸದಾಗಿ ಪೇಂಟ್ ಬಳಿದ ಕೋಣೆಯಾದರೆ ವಾಸನೆ ಪೂರ್ತಿ ಹೋಗುವವರೆಗೆ ಪ್ರಾಣಿಯನ್ನು ಒಳಗೆ ತರಬೇಡಿ.