ಸಂಪಾದಕರ ಉತ್ತರ: ಸಂಸದರ ಸಮಿತಿಗಳು ಎಲ್ಲಿ ಸೋಲುತ್ತವೆ?

ಕಾರಟಗಿಯ ಭತ್ತದ ಬೆಳೆಗಾರರೊಬ್ಬರು ಬರೆದಿದ್ದಾರೆ: ‘2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಎಂಪಿಗಳ ಸಮಿತಿ ಜಿಲ್ಲಾ ಪಂಚಾಯಿತಿ ಹಾಲ್‌ನಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಳ್ಳುವುದನ್ನು ಟೀವಿಯಲ್ಲಿ ನೋಡುತ್ತೇವೆ. ಡ್ಯಾಮಿನ ವಿಷಯದಲ್ಲಿ ಆ ಸಮಿತಿ ಏನು ಮಾಡಿತು? ಉಪಯೋಗವಿಲ್ಲದಿದ್ದರೆ ರದ್ದು ಮಾಡಬಾರದೇಕೆ?’

ನೀವು ಟೀವಿಯಲ್ಲಿ ನೋಡುವುದು ‘ದಿಶಾ’ ಸಭೆ. ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಎಲ್ಲಿಗೆ ಬಂದಿವೆ ಎಂದು ವಿಚಾರಿಸುವ ಸಭೆ ಅದು. ನಿಮ್ಮ ಪ್ರಶ್ನೆ ಮುಟ್ಟಬೇಕಾದದ್ದು ಸಂಸತ್ತಿನ ಇಲಾಖಾವಾರು ಸ್ಥಾಯಿ ಸಮಿತಿಗಳನ್ನು. 1993ರಲ್ಲಿ 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲೂ 31 ಜನ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳಿಗೆ ಜಾಗವಿಲ್ಲ. ಇಲಾಖೆಯ ಬಜೆಟ್ ಬೇಡಿಕೆ, ತಮಗೆ ಒಪ್ಪಿಸಿದ ಮಸೂದೆ, ವಾರ್ಷಿಕ ವರದಿ, ದೀರ್ಘಾವಧಿಯ ನೀತಿ, ಇವು ನಾಲ್ಕನ್ನು ಪರಿಶೀಲಿಸಬೇಕು. ದಿನನಿತ್ಯದ ಆಡಳಿತಕ್ಕೆ ಕೈ ಹಾಕುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಹಾಗಾಗಿ ಗೇಟಿನ ಚೈನು ಸವೆದಿತ್ತೇ ಎಂಬುದು ಸಮಿತಿಯ ವಿಷಯವಲ್ಲ. ಚೈನು ತಪಾಸಣೆ ಮಾಡದವರಿಗೆ ಏನು ಶಿಕ್ಷೆ ಎಂಬ ಕಾನೂನು ಮಾತ್ರ ಅದರ ವಿಷಯ.

ಆ ಕಾನೂನಿನ ವಿಷಯದಲ್ಲಿ ಸಮಿತಿ ಕೆಲಸ ಮಾಡಿತ್ತು. ಅಣೆಕಟ್ಟು ಸುರಕ್ಷತಾ ಮಸೂದೆ ಮೊದಲು ಬಂದದ್ದು 2010ರಲ್ಲಿ. ಜಲಸಂಪನ್ಮೂಲ ಸ್ಥಾಯಿ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕರ್ತವ್ಯ ತಪ್ಪಿದವರಿಗೆ ಶಿಕ್ಷೆ ಇರಲಿ, ಅಣೆಕಟ್ಟು ಒಡೆದು ನಷ್ಟವಾದವರಿಗೆ ಪರಿಹಾರ ಇರಲಿ ಎಂದಿತು. ಮಸೂದೆ ಸದನದಲ್ಲೇ ಉಳಿದು, 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಹೊಸ ಮಸೂದೆ 2019ರಲ್ಲಿ ಬಂದು ಲೋಕಸಭೆ ದಾಟಿತು. ಅದನ್ನು ಆಯ್ಕೆ ಸಮಿತಿಗೆ (ಒಂದೇ ಮಸೂದೆಯ ಪರಿಶೀಲನೆಗೆಂದು ರಚಿಸುವ ಸಮಿತಿ) ಕಳಿಸಿ ಎಂಬ ಒತ್ತಾಯಕ್ಕೆ 2021ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಸೋಲಾಯಿತು. ಈಗಿನ ಕಾಯ್ದೆಯಲ್ಲಿ ಶಿಕ್ಷೆ ಇದೆ: ಒಂದು ವರ್ಷದವರೆಗೆ ಜೈಲು, ಜೀವಹಾನಿಯಾದರೆ ಎರಡು ವರ್ಷ. ಗದ್ದೆ ಕೊಚ್ಚಿಹೋದವರ ಪರಿಹಾರಕ್ಕೆ ಮಾತ್ರ ಕಲಮೇ ಇಲ್ಲ.

ರೋಗ ಇರುವುದು ಸಮಿತಿಯ ಕೋಣೆಯಲ್ಲಲ್ಲ, ಅದರ ಎರಡು ಬಾಗಿಲುಗಳಲ್ಲಿ ಎಂದು ನಾವು ಹೇಳುವುದು ಇದಕ್ಕೇ.

ಮಸೂದೆ ಒಳಗೆ ಬರುವ ಬಾಗಿಲಿನ ಕೀಲಿ ಸ್ಪೀಕರ್ ಮತ್ತು ಸಭಾಪತಿಗಳ ಕೈಯಲ್ಲಿದೆ. ಮಸೂದೆಯನ್ನು ಸಮಿತಿಗೆ ಕಳಿಸಲೇಬೇಕೆಂಬ ಕಡ್ಡಾಯ ಎಲ್ಲೂ ಇಲ್ಲ. ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದಂತೆ 15ನೇ ಲೋಕಸಭೆಯ ಅವಧಿಯಲ್ಲಿ (2009–14) ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೆಯದರಲ್ಲಿ (2019–24) ಶೇ 16. 2020ರ ಮೂರು ಕೃಷಿ ಕಾಯ್ದೆಗಳು ಸಮಿತಿಯ ಮುಖ ಕಾಣದೆ ಪಾಸಾದವು, ಮರುವರ್ಷದ ನವೆಂಬರಿನಲ್ಲಿ ರದ್ದಾದವು. ರಾಯಚೂರಿನ ಎಪಿಎಂಸಿ ದಲ್ಲಾಲಿಯನ್ನೋ ಸಿಂಧನೂರಿನ ರೈತನನ್ನೋ ಸಾಕ್ಷಿಗೆ ಕರೆದು ಮೂರು ತಿಂಗಳು ಕೇಳಿದ್ದರೆ ಬೀದಿಯಲ್ಲಿ ಕಳೆದ ಒಂದು ವರ್ಷ ಉಳಿಯುತ್ತಿತ್ತೋ ಏನೋ.

ವರದಿ ಹೊರಗೆ ಹೋಗುವ ಬಾಗಿಲು ಇನ್ನೂ ಸಡಿಲ. ಸಮಿತಿಯ ವರದಿ ಬರೀ ಸಲಹೆ. ಸರ್ಕಾರ ಮೂರು ತಿಂಗಳಲ್ಲಿ ಕೈಗೊಂಡ ಕ್ರಮ ತಿಳಿಸಬೇಕು, ಮಂತ್ರಿ ಆರು ತಿಂಗಳಿಗೊಮ್ಮೆ ಸದನದಲ್ಲಿ ಹೇಳಿಕೆ ಕೊಡಬೇಕು. ಆದರೆ ‘ಪರಿಶೀಲನೆಯಲ್ಲಿದೆ’ ಎಂಬುದೂ ಉತ್ತರವೇ. ವರದಿ ಸದನದಲ್ಲಿ ಚರ್ಚೆಗೆ ಬರುವುದು ಅಪರೂಪ. ಬಜೆಟ್ ಅಧಿವೇಶನದ ನಡುವಿನ ಬಿಡುವಿನಲ್ಲಿ 24 ಸಮಿತಿಗಳು ಕೂತು ಬೇಡಿಕೆಗಳನ್ನು ಜಾಲಾಡುತ್ತವೆ. ಆಮೇಲೆ ಸದನ ನಾಲ್ಕಾರು ಇಲಾಖೆ ಚರ್ಚಿಸಿ, ಉಳಿದದ್ದನ್ನೆಲ್ಲ ಗಿಲೊಟಿನ್‌ಗೆ ಹಾಕಿ, ಅಂದರೆ ಚರ್ಚೆಯಿಲ್ಲದೆ, ಒಂದೇ ಏಟಿಗೆ ಪಾಸು ಮಾಡುತ್ತದೆ.

ಒಳಗಿನ ಕೊರತೆಗಳೂ ಇವೆ. ಸದಸ್ಯತ್ವ ಒಂದೇ ವರ್ಷ. ನೀರಾವರಿಯ ಕಡತ ಅರ್ಥವಾಗುವ ಹೊತ್ತಿಗೆ ಬೇರೆ ಸಮಿತಿಗೆ ಹೆಸರು ಹೋಗಿರಬಹುದು. ವಿಷಯ ತಜ್ಞರ ಕಾಯಂ ಸಿಬ್ಬಂದಿ ಇಲ್ಲದೆ, ಯಾವ ಇಲಾಖೆಯನ್ನು ಪ್ರಶ್ನಿಸಬೇಕೋ ಅದೇ ಇಲಾಖೆ ಕೊಟ್ಟ ಟಿಪ್ಪಣಿಯನ್ನು ನಂಬಬೇಕಾಗುತ್ತದೆ. ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ ತಜ್ಞ ಸಲಹೆಗಾರರನ್ನು ಕೊಡಿ, ಮುಖ್ಯ ವರದಿಗಳನ್ನು ಸದನದಲ್ಲಿ ಚರ್ಚಿಸಿ ಎಂದಿತ್ತು.

ಬಾಗಿಲು ಮುಚ್ಚಿ ಸಭೆ ನಡೆಸುವುದನ್ನು ಹಲವರು ಬೈಯುತ್ತಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅಲ್ಲಿ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ (ವಿಪ್) ನಡೆಯದು, ಕ್ಯಾಮೆರಾ ಇಲ್ಲದಿದ್ದರೆ ಆಳುವ ಪಕ್ಷದವರೂ ಕಾರ್ಯದರ್ಶಿಗೆ ಖಾರವಾದ ಪ್ರಶ್ನೆ ಹಾಕುತ್ತಾರೆ. ಸಾಕ್ಷ್ಯ ಕೇಳುವ ಭಾಗವನ್ನು ಬೇಕಾದರೆ ಜನರಿಗೆ ತೋರಿಸಲಿ, ವರದಿ ಬರೆಯುವ ಭಾಗ ಮುಚ್ಚಿಯೇ ಇರಲಿ. ಬ್ರಿಟನ್ನಿನಲ್ಲಿ 2010ರಿಂದ ಬಹುಪಾಲು ಸಮಿತಿ ಅಧ್ಯಕ್ಷರನ್ನು ಸಂಸದರೇ ಗುಪ್ತ ಮತದಾನದಿಂದ ಆರಿಸುತ್ತಾರೆ. ಅದು ಇಲ್ಲಿಗೆ ಬರುವುದು ದೂರದ ಮಾತು. ಮಸೂದೆಯನ್ನು ಸಮಿತಿಗೆ ಕಳಿಸದಿದ್ದರೆ ಕಾರಣ ಬರೆದುಕೊಡಬೇಕೆಂಬ ನಿಯಮ, ಲೋಕಸಭೆಯ ಪೂರ್ಣಾವಧಿಗೆ ಸದಸ್ಯತ್ವ, ಪ್ರತಿ ಅಧಿವೇಶನದಲ್ಲಿ ವರದಿಗಳ ಚರ್ಚೆಗೆ ಎರಡು ದಿನ: ಇವಕ್ಕೆ ಸಂವಿಧಾನ ತಿದ್ದುಪಡಿ ಬೇಡ, ಸದನದ ನಿಯಮಾವಳಿ ತಿದ್ದಿದರೆ ಸಾಕು.

ರದ್ದು ಮಾಡಿದರೆ ನಿಮ್ಮಂಥವರು ಸಂಸತ್ತಿಗೆ ನೇರ ಮಾತಾಡುವ ದಾರಿಯೊಂದು ಮುಚ್ಚುತ್ತದೆ. ಮಸೂದೆ ಸಮಿತಿಗೆ ಹೋದಾಗ ಪತ್ರಿಕೆಗಳಲ್ಲಿ ಅಭಿಪ್ರಾಯ ಕೇಳಿ ಜಾಹೀರಾತು ಬರುತ್ತದೆ. ಸಾಮಾನ್ಯವಾಗಿ 15 ದಿನ ಗಡುವು, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎರಡು ಪ್ರತಿ ಕೇಳುತ್ತಾರೆ. ‘ರೈತರಿಗೆ ಅನ್ಯಾಯ’ ಎಂದು ಮೂರು ಪುಟ ಬರೆದರೆ ಹತ್ತರಲ್ಲಿ ಹನ್ನೊಂದಾಗುತ್ತದೆ. ಕಲಮಿನ ಸಂಖ್ಯೆ, ಅದರಿಂದ ಆಗುವ ತೊಂದರೆ, ಬದಲಿಗೆ ಇರಬೇಕಾದ ವಾಕ್ಯ, ಇಷ್ಟು ಬರೆಯಿರಿ. ಖುದ್ದಾಗಿ ಹೇಳುವುದಿದ್ದರೆ ಅದನ್ನೂ ನಮೂದಿಸಿ. ಕಳಿಸಿದ ಮನವಿ ಸಮಿತಿಯ ಗೋಪ್ಯ ದಾಖಲೆಯಾಗುವುದರಿಂದ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ.

ಮಸೂದೆ ಇಲ್ಲದಾಗ ಲೋಕಸಭೆಯ ಅರ್ಜಿಗಳ ಸಮಿತಿ ಇದೆ. ಅರ್ಜಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅಥವಾ ಹಿಂದಿ ಅನುವಾದಕ್ಕೂ ನಿಮ್ಮ ಸಹಿ ಇರಬೇಕು. ಕೋರ್ಟಿನಲ್ಲಿರುವ ವಿಷಯ ನಡೆಯದು. ಪರಿಹಾರದ ಕಲಮು ಸೇರಿಸಿ ಎಂದು ಕೇಳಲು ಅಡ್ಡಿಯಿಲ್ಲ.

ಇನ್ನು ನಿಮ್ಮ ಎಂಪಿ ಯಾವ ಸಮಿತಿಯಲ್ಲಿದ್ದಾರೆ, ಹೋಗುತ್ತಾರೋ ಇಲ್ಲವೋ ಎಂದು ಅವರ ಆಪ್ತ ಸಹಾಯಕರನ್ನು ಕೇಳಬೇಕಿಲ್ಲ. ಸಂಸತ್ತಿನ ವೆಬ್‌ಸೈಟಿನಲ್ಲಿರುವ ಪ್ರತಿ ವರದಿಯ ಕೊನೆಯಲ್ಲಿ ಸಭೆಯ ನಡಾವಳಿ ಇರುತ್ತದೆ, ಅದರಲ್ಲಿ ಹಾಜರಿದ್ದವರ ಹೆಸರಿರುತ್ತದೆ.