ಮಡಚುವ ಸೈಕಲ್‌ಗೆ ಚಡಾವಿನ ಗೇರು: ಮೊದಲು ಮುಂದಿನ 52 ಹಲ್ಲು ಬದಲಿಸಿ

ಮಾಷ್ಟ್ರೇ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದ್ದೆ. ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ. ಹಾಗಾಗಿ ಇವತ್ತು ತೋಟದ ಕೆಲಸ ಮುಗಿಸಿ ಕೂತು ಬರೆಯುತ್ತಿದ್ದೇನೆ.

ನೀವು ಹೇಳಿದ್ದು ಇಷ್ಟು. 20 ಇಂಚಿನ ಮಡಚುವ ಸೈಕಲ್. ಮುಂದೆ 52 ಹಲ್ಲಿನ ಒಂದೇ ಚೈನ್‌ವೀಲ್ (ಪೆಡಲ್ ಬಳಿಯ ಹಲ್ಲಿನ ಚಕ್ರ), ಹಿಂದೆ 7 ಗೇರು, 14ರಿಂದ 28 ಹಲ್ಲು. ಬೆಳಿಗ್ಗೆ ಸೀತಾಂಗೋಳಿ ಕಡೆಯಿಂದ ಕುಂಬಳೆ ಸ್ಟೇಷನ್‌ಗೆ ಇಳಿದು, ಸೈಕಲ್ ಮಡಚಿ ಮಂಗಳೂರಿನ ರೈಲು. ಸಂಜೆ ವಾಪಸ್ ಬರುವಾಗ ಮೊಣಕಾಲು ನೋವು, ಕೊನೆಯ ಚಡಾವಿನಲ್ಲಿ, ಅಂದರೆ ಏರಿನಲ್ಲಿ, ಇಳಿದು ತಳ್ಳುವುದು. ಇದಕ್ಕೆ ಒಬ್ಬರು ಮೋಟರ್ ಹಾಕಿ ಎಂದರು. ಇನ್ನೊಬ್ಬರು ಹಿಂದೆ ದೊಡ್ಡ ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು) ಹಾಕಿ ಎಂದರು. ನಾನು ಹೇಳುವುದು, ಮೊದಲು ಮುಂದಿನ 52 ತೆಗೆಯಿರಿ. ಹಿಂದಿನದು ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ದೊಡ್ಡ ಸೈಕಲ್‌ನಲ್ಲಿ ಗೇರು ಸಾಲದಿದ್ದರೆ ಎದ್ದು ನಿಂತು, ಹ್ಯಾಂಡಲ್ ಎಳೆದು ತುಳಿದು ಹೇಗೋ ಹತ್ತಬಹುದು. ಮಡಚುವ ಸೈಕಲ್‌ನಲ್ಲಿ ಅದು ಆಗದ ಕೆಲಸ, ಮಾಡಲೂಬಾರದು. ಹ್ಯಾಂಡಲ್‌ನ ಕಂಬ ಉದ್ದ, ಅದರ ಬುಡದಲ್ಲಿ ಒಂದು ಹಿಂಜ್. ಫ್ರೇಮಿನ ನಡುವೆ ಇನ್ನೊಂದು ಹಿಂಜ್. ನಿಂತು ಎಳೆದಾಗ ಕಂಬ ಬಾಗುವುದು ಕೈಗೇ ಗೊತ್ತಾಗುತ್ತದೆ. ದಿನಾ ಹಾಗೆ ಎಳೆದರೆ ಹಿಂಜ್ ಸಡಿಲ ಆಗುತ್ತದೆ, ಆಮೇಲೆ ಇಳಿಜಾರಿನಲ್ಲಿ ಮುಂಭಾಗ ಅಲುಗಾಡುತ್ತದೆ. ಹಾಗಾಗಿ ಈ ಸೈಕಲ್‌ನಲ್ಲಿ ಸೀಟಿನಲ್ಲಿ ಕೂತೇ ಹತ್ತಬೇಕು. ಕೂತು ಹತ್ತಬೇಕಾದರೆ ಗೇರು ಅಷ್ಟು ಸಣ್ಣದಿರಬೇಕು. ಕಂಪೆನಿಯಿಂದ ಬರುವ 52 ಹಲ್ಲು ಸಪಾಟಾದ ಪೇಟೆ ರಸ್ತೆಗೆ ಸರಿ. ನಮ್ಮ ಊರಿಗೆ ಅಲ್ಲ.

ನಮ್ಮಲ್ಲಿ ಘಾಟಿ ರಸ್ತೆ ಇಲ್ಲ, ಆದರೂ ಏರು ಜೋರು ಅಲ್ವಾ? ಕಾಸರಗೋಡು ಜಿಲ್ಲೆಯಲ್ಲೇ 12 ಹೊಳೆ. ಎರಡು ಹೊಳೆಯ ನಡುವೆ ಮುರಕಲ್ಲಿನ ಗುಡ್ಡೆ, ಗುಡ್ಡೆಯ ಬುಡದಲ್ಲಿ ಕಂಗಿನ (ಅಡಿಕೆ) ತೋಟ, ತೋಟದ ಪಕ್ಕ ತೋಡು (ಸಣ್ಣ ಹಳ್ಳ). ಒಳರಸ್ತೆಗಳು ತೋಡಿನ ಮೋರಿಯವರೆಗೆ ಧುಮುಕಿ, ಆಚೆ ಬದಿ ಸೀದಾ ಮೇಲೆ ಹೋಗುತ್ತವೆ. ಘಾಟಿಯ ಹಾಗೆ ಸುತ್ತು ಬಳಸಿ ಹತ್ತುವುದಿಲ್ಲ. 200, 300 ಮೀಟರ್ ಅಷ್ಟೇ ಇರಬಹುದು, ಆದರೆ ಉಸಿರು ಕಟ್ಟುತ್ತದೆ.

ನಿಮ್ಮ ಚಡಾವು ಎಷ್ಟು ಅಂತ ಮೊದಲು ಅಳೆಯಿರಿ. ಇದಕ್ಕೆ ಮೇಸ್ತ್ರಿಗಳ ರಸಮಟ್ಟ ಸಾಕು. ಒಂದು ಮೀಟರ್ ಉದ್ದದ ನೇರ ರೀಪು ತೆಗೆದುಕೊಂಡು ಏರಿನ ದಿಕ್ಕಿಗೆ ರಸ್ತೆಯಲ್ಲಿ ಇಡಿ. ಮೇಲೆ ರಸಮಟ್ಟ ಇಟ್ಟು, ಗುಳ್ಳೆ ಮಧ್ಯಕ್ಕೆ ಬರುವವರೆಗೆ ರೀಪಿನ ಕೆಳಗಿನ ತುದಿ ಎತ್ತಿ. ಆ ತುದಿಗೂ ಡಾಂಬರಿಗೂ ನಡುವೆ 10 ಸೆಂಟಿಮೀಟರ್ ಇದ್ದರೆ ಏರು ನೂರಕ್ಕೆ 10. ನಮ್ಮ ಮನೆ ದಾರಿಯಲ್ಲಿ ಒಂದು ಕಡೆ 14 ಸೆಂಟಿಮೀಟರ್ ಬಂತು. ಅಳೆದ ಮೇಲೆ ಮನಸ್ಸಿಗೆ ಸ್ವಲ್ಪ ಸಮಾಧಾನವೂ ಆಯಿತು, ತಪ್ಪು ಕಾಲಿನದ್ದಲ್ಲ ಅಂತ.

ಇನ್ನು ಗೇರಿನ ಲೆಕ್ಕ. ನಿಮ್ಮ ಚಕ್ರದ ನಿಜವಾದ ಎತ್ತರ, ಟಯರ್ ಸೇರಿ, ಹೆಚ್ಚುಕಡಿಮೆ 19 ಇಂಚು. ಅದನ್ನು ಮುಂದಿನ ಹಲ್ಲಿನಿಂದ ಗುಣಿಸಿ, ಹಿಂದಿನ ಹಲ್ಲಿನಿಂದ ಭಾಗಿಸಿ. ಈಗಿನ ನಿಮ್ಮ ಅತಿ ಸಣ್ಣ ಗೇರು 19 ಗುಣಿಸು 52 ಭಾಗಿಸು 28, ಅಂದರೆ 35 ಇಂಚು. ಈ ಅಂಕಿ ಸಣ್ಣದಾದಷ್ಟು ಹತ್ತುವುದು ಹಗುರ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 2.8 ಮೀಟರ್ ಮುಂದೆ ಹೋಗುತ್ತದೆ. ಲೆಕ್ಕ ಬೇಡ ಅಂದರೆ ಅಂಗಳದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಒಂದು ಸುತ್ತು ತುಳಿದು ಟೇಪ್ ಹಿಡಿದು ನೋಡಿ, ಅದೇ ಬರುತ್ತದೆ.

ನೀವು, ಸೈಕಲ್, ಬ್ಯಾಗು ಸೇರಿ 90 ಕಿಲೋ ಅಂತ ಇಟ್ಟುಕೊಳ್ಳೋಣ. ನೂರಕ್ಕೆ 10ರ ಏರಿನಲ್ಲಿ ಈಗಿನ ಗೇರಿಗೆ ಪೆಡಲಿನ ಮೇಲೆ ಸರಾಸರಿ 25 ಕಿಲೋ ಒತ್ತಡ ಬೇಕು. ಪೆಡಲ್ ಮೇಲೆ ಕೆಳಗೆ ಹೋಗುವಾಗ ಒತ್ತಡ ಒಂದೇ ಸಮ ಇರುವುದಿಲ್ಲ, ಜೋರಾಗಿ ತುಳಿಯುವ ಜಾಗದಲ್ಲಿ ಇದರ ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ಮೊಣಕಾಲು ನೋಯುವುದು ಅಲ್ಲೇ. ಮುಂದೆ 42, ಹಿಂದೆ 34 ಹಲ್ಲು ಮಾಡಿದರೆ ಗೇರು 23.5 ಇಂಚಿಗೆ ಇಳಿಯುತ್ತದೆ, ಅದೇ ಏರಿಗೆ 17 ಕಿಲೋ ಸಾಕು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6.7 ಕಿ.ಮೀ. ವೇಗ. ಇನ್ನೂ ಇಳಿಸಿ ಮುಂದೆ 38 ಹಾಕಿದರೆ 21 ಇಂಚು, ವೇಗ 6 ಕಿ.ಮೀ. ಅದಕ್ಕಿಂತ ಕೆಳಗೆ ಹೋಗಬೇಡಿ ಅಂತ ನನ್ನ ಸಲಹೆ. ಸಣ್ಣ ಚಕ್ರದ ಸೈಕಲ್ ತೀರಾ ನಿಧಾನಕ್ಕೆ ಹೋದರೆ ಆಚೀಚೆ ಓಲಾಡುತ್ತದೆ. ಅಷ್ಟರಲ್ಲಿ ಹಿಂದಿನಿಂದ ಟಿಪ್ಪರ್ ಬಂದರೆ ಕಷ್ಟ.

ಬರೀ ಹಿಂದೆ 34 ಹಾಕಿ ಮುಂದೆ 52 ಉಳಿಸಿಕೊಂಡರೆ 29 ಇಂಚು. ಬರೀ ಮುಂದೆ 42 ಹಾಕಿ ಹಿಂದಿನದ್ದನ್ನು ಮುಟ್ಟದಿದ್ದರೆ 28.5. ಎರಡೂ ಹೆಚ್ಚುಕಡಿಮೆ ಒಂದೇ ಅಲ್ವಾ? ಆದರೆ ಮುಂದಿನದು ಬದಲಿಸಿದರೆ ಏಳೂ ಗೇರು ಒಟ್ಟಿಗೆ ಇಳಿಯುತ್ತವೆ, ಡಿರೇಲರ್ (ಹಿಂದೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬದಲಿಸುವ ಖರ್ಚು ಇಲ್ಲ. ಅದಕ್ಕೇ ಮೊದಲು ಮುಂದಿನದು ಎಂದೆ. ಅದರಲ್ಲಿ ಒಂದು ವಾರ ಓಡಿಸಿ ನೋಡಿ. ಸಾಕು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬಹುದು.

ವೇಗ ಹೋಗುತ್ತದೆ ಅಂತ ಹೆದರಬೇಡಿ. 42ಕ್ಕೆ 14, ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 24 ಕಿ.ಮೀ. ದಾಟುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದಕ್ಕಿಂತ ಜಾಸ್ತಿ ಯಾಕೆ? ಇಳಿಜಾರಿನಲ್ಲಿ ಹೇಗೂ ತುಳಿಯುವುದಿಲ್ಲ, ಬ್ರೇಕ್ ಹಿಡಿದೇ ಇಳಿಯುತ್ತೇವೆ.

ಈಗ ಕೈಕೆಲಸ. ಚೈನ್‌ವೀಲನ್ನು ಕ್ರಾಂಕಿಗೆ (ಪೆಡಲ್ ಕೂರುವ ಕೈಗೆ) ಹಿಡಿದಿರುವುದು ಬೋಲ್ಟಾ, ರಿವೆಟ್ಟಾ ನೋಡಿ. ಐದು ಬೋಲ್ಟ್ ಇದ್ದರೆ ಅದೃಷ್ಟ. ಪಕ್ಕಪಕ್ಕದ ಎರಡು ಬೋಲ್ಟಿನ ನಡುವಿನ ಅಂತರ, ಮಧ್ಯದಿಂದ ಮಧ್ಯಕ್ಕೆ, ಅಳೆಯಿರಿ. 76 ಮಿಲಿಮೀಟರ್ ಹತ್ತಿರ ಬಂದರೆ ಅದು 130ರ ಅಳತೆ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ, ಮಿಲಿಮೀಟರ್‌ನಲ್ಲಿ), ಅದಕ್ಕೆ 38 ಹಲ್ಲಿಗಿಂತ ಸಣ್ಣದು ಕೂರುವುದಿಲ್ಲ. 65ರ ಹತ್ತಿರ ಬಂದರೆ 110ರ ಅಳತೆ, 34ರವರೆಗೂ ಹಾಕಬಹುದು. ರಿವೆಟ್ ಹೊಡೆದಿದ್ದರೆ ಇಡೀ ಕ್ರಾಂಕ್ ಬದಲಿಸಬೇಕು. ಆಗ ಹೊಸದು ಹಾಕಿದ ಮೇಲೆ ಹಿಂದಿನಿಂದ ಕಣ್ಣು ಹಾಯಿಸಿ. ಚೈನ್‌ವೀಲ್ ಹಿಂದಿನ ನಾಲ್ಕನೇ ಗೇರಿಗೆ ನೇರ ಇರಬೇಕು. ಒಂದು ಹಲ್ಲು ದಪ್ಪ, ಒಂದು ಹಲ್ಲು ತೆಳು ಇರುವ ಚೈನ್‌ವೀಲ್ ಸಿಕ್ಕಿದರೆ ಅದನ್ನೇ ಕೊಳ್ಳಿ, ಹೊಂಡ ಹಾರಿದಾಗ ಚೈನ್ ಬೀಳುವುದು ತುಂಬಾ ಕಡಿಮೆ.

ಕ್ರಾಂಕ್ ತೆಗೆಯುವಾಗ ಜಾಗ್ರತೆ. ಮೊದಲು ನಡುವಿನ ಬೋಲ್ಟ್, ಅದರ ವಾಷರ್ ಎರಡನ್ನೂ ತೆಗೆಯಬೇಕು. ಆಮೇಲೆ ಪುಲ್ಲರನ್ನು (ಕ್ರಾಂಕ್ ಎಳೆದು ತೆಗೆಯುವ ಟೂಲ್) ಕೈಯಲ್ಲೇ ತಿರುಗಿಸಿ, ಥ್ರೆಡ್ ಪೂರ್ತಿ ಒಳಗೆ ಹೋಗಿದೆ ಅಂತ ಖಾತ್ರಿ ಆದ ಮೇಲೆ ಪಾನ ಹಾಕಬೇಕು. ನನ್ನ ಮೊದಲ ಸೈಕಲನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆ. ವಾಷರ್ ಒಳಗೇ ಬಿಟ್ಟು ಪುಲ್ಲರ್ ಬಿಗಿದರು. ಎರಡು ಥ್ರೆಡ್ ಮಾತ್ರ ಹಿಡಿದಿತ್ತು. ಕಿರ್ ಅಂತ ಸದ್ದು ಬಂತು, ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಕಿತ್ತು ಬಂತು. ಕ್ರಾಂಕ್ ಹೋಯಿತು. ಅವತ್ತಿನಿಂದ ಈ ಕೆಲಸ ನಾನೇ ಮಾಡುತ್ತೇನೆ. ಎಡಗಡೆಯ ಪೆಡಲ್ ಬಿಚ್ಚುವುದು ಉಲ್ಟಾ ದಿಕ್ಕು, ಗಡಿಯಾರದ ಮುಳ್ಳು ಹೋಗುವ ಕಡೆಗೆ. ಅದನ್ನೂ ನೆನಪಿಡಿ.

ಹಿಂದಿನದು ಬದಲಿಸುವುದಾದರೆ, ನಿಮ್ಮದು ಫ್ರೀವೀಲಾ (ಇಡೀ ಗೊಂಚಲು ಥ್ರೆಡ್‌ನಲ್ಲಿ ತಿರುಗಿಸಿ ಕೂರಿಸುವಂಥದ್ದು) ಕ್ಯಾಸೆಟ್ಟಾ ತಿಳಿಯಬೇಕು. ಚಕ್ರ ಬಿಚ್ಚಿ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ಟೂಲ್ ಕೂರುವ ಗೀರುಗಳು ಹಲ್ಲಿನ ಜೊತೆ ತಿರುಗಿದರೆ ಕ್ಯಾಸೆಟ್, ನಿಂತಲ್ಲೇ ಇದ್ದರೆ ಫ್ರೀವೀಲ್. ಇಂಥ ಸೈಕಲ್‌ನಲ್ಲಿ ಸಾಮಾನ್ಯ ಫ್ರೀವೀಲೇ ಇರುತ್ತದೆ. ದಿನಾ ಚಡಾವು ತುಳಿದು ತುಳಿದು ಅದು ಕಚ್ಚಿ ಕೂತಿರುತ್ತದೆ, ಕೈಪಾನಕ್ಕೆ ಬಗ್ಗುವುದಿಲ್ಲ. ವೆಲ್ಡಿಂಗ್ ಅಂಗಡಿಯ ವೈಸ್‌ಗೆ ಟೂಲನ್ನು ಬಿಗಿದು, ಚಕ್ರವನ್ನು ಅದರ ಮೇಲೆ ಮಗುಚಿ ಕೂರಿಸಿ, ರಿಮ್ಮನ್ನು ಬಸ್ಸಿನ ಸ್ಟಿಯರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ಟಕ್ ಅಂತ ಬಿಡುತ್ತದೆ. ಉಳಿ ಇಟ್ಟು ಬಡಿಯಲು ಯಾರಿಗೂ ಬಿಡಬೇಡಿ. ಹೊಸದು ಹಾಕುವ ಮೊದಲು ಥ್ರೆಡ್‌ಗೆ ಗ್ರೀಸ್ ಹಚ್ಚಿ.

ಶಿಮಾನೋದ ಮೆಗಾರೇಂಜ್ ಎಂಬ ಫ್ರೀವೀಲ್ 14ರಿಂದ 34 ಇದೆ. ಅದರಲ್ಲಿ 24 ಆದ ಕೂಡಲೇ 34, ನಡುವೆ ಏನೂ ಇಲ್ಲ. ಹಾಗಾಗಿ ಮೋರಿ ದಾಟುವ ಮೊದಲೇ, ಕಾಲಿಗೆ ಭಾರ ಬೀಳುವ ಮೊದಲೇ ಗೇರು ಇಳಿಸುವ ಅಭ್ಯಾಸ ಮಾಡಿ. ಅರ್ಧ ಚಡಾವಿನಲ್ಲಿ ಒತ್ತಿ ತುಳಿಯುತ್ತಾ ಬದಲಿಸಲು ಹೋದರೆ ಚೈನ್ ಕಟಕಟ ಎಂದು ಹಾರುತ್ತದೆ. ಡಿರೇಲರ್ ಕೂಡ 34 ಹಲ್ಲು ತಡೆಯುವಂಥದ್ದು ಬೇಕು, 28ರದ್ದಾದರೆ ಮೇಲಿನ ಸಣ್ಣ ಚಕ್ರ ಹಲ್ಲಿಗೆ ಉಜ್ಜುತ್ತದೆ. ಉದ್ದ ಕೈಯ ಡಿರೇಲರ್ ನೆಲಕ್ಕೆ ಹತ್ತಿರ ಬರುತ್ತದೆ, ರಸ್ತೆಯ ಅಂಚಿನ ಮುರಕಲ್ಲಿಗೆ ತಾಗದ ಹಾಗೆ ನೋಡಿಕೊಳ್ಳಿ. ನಿಮ್ಮದು 16 ಇಂಚಿನ ಚಕ್ರ ಆಗಿದ್ದರೆ ಈ ಉದ್ದ ಕೈಯ ಡಿರೇಲರ್ ಹಾಕಿ ಅಂತ ಹೇಳುತ್ತಲೇ ಇರಲಿಲ್ಲ.

ಚೈನಿನ ಉದ್ದ ಬದಲಾಗುತ್ತದೆ. ಮುಂದೆ 10 ಹಲ್ಲು ಕಡಿಮೆ ಆದರೆ ಲೆಕ್ಕಕ್ಕೆ ಅದರ ಅರ್ಧ, 5 ಕೊಂಡಿ ಕಡಿಮೆ; ಕೊಂಡಿಗಳನ್ನು ಜೋಡಿಯಾಗಿಯೇ ತೆಗೆಯಬೇಕು, ಹಾಗಾಗಿ ಮುಂದಿನದು ಮಾತ್ರ ಬದಲಿಸಿದರೆ 4 ತೆಗೆಯಿರಿ. ಹಿಂದೆ 6 ಹಲ್ಲು ಜಾಸ್ತಿ ಆದರೆ 3 ಕೊಂಡಿ ಜಾಸ್ತಿ. ಎರಡೂ ಮಾಡಿದರೆ 2 ಕೊಂಡಿ ತೆಗೆಯಬೇಕು. ತುಂಡು ಮಾಡುವ ಮೊದಲು ಡಿರೇಲರ್ ಒಳಗೆ ಹಾಕದೆ, ಮುಂದಿನ ಚೈನ್‌ವೀಲ್ ಮತ್ತು ಹಿಂದಿನ ದೊಡ್ಡ ಹಲ್ಲಿಗೆ ಮಾತ್ರ ಸುತ್ತಿ ನೋಡಿ, ಅದಕ್ಕೆ 2 ಕೊಂಡಿ ಸೇರಿಸಿದರೆ ಸರಿಯಾದ ಉದ್ದ. ಹಳೆ ಚೈನ್ ಹಿಗ್ಗಿದ್ದರೆ ಹೊಸ ಫ್ರೀವೀಲಿನ ಮೇಲೆ ಜಾರುತ್ತದೆ. ಸ್ಟೀಲ್ ಸ್ಕೇಲ್ ಹಿಡಿಯಿರಿ. 24 ಕೊಂಡಿ ಸರಿಯಾಗಿ 12 ಇಂಚು ಬರಬೇಕು, ಇಂಚಿನ 16ರಲ್ಲಿ ಒಂದು ಭಾಗ ಜಾಸ್ತಿ ಬಂದರೆ ಚೈನ್ ಬದಲಿಸುವ ಸಮಯ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಕೆಂಪು ಮಣ್ಣಿನ ನೀರು ಚೈನನ್ನು ಅರೆದು ಹಾಕುತ್ತದೆ. ಮಳೆಗಾಲದಲ್ಲಿ ಮನೆಗೆ ಬಂದ ಕೂಡಲೇ ಒರೆಸಿ ಎಣ್ಣೆ ಬಿಡಿ.

ಮೋಟರ್ ಬಗ್ಗೆ ಒಂದೇ ಮಾತು. ಮೋಟರ್, ಬ್ಯಾಟರಿ ಸೇರಿದರೆ ಹಲವು ಕಿಲೋ ಜಾಸ್ತಿ. ಮಡಚಿ ಹೆಗಲಿಗೆ ಹಾಕಿ ಸ್ಟೇಷನ್ನಿನ ಮೆಟ್ಟಿಲು ಹತ್ತುವವರಿಗೆ ಅದು ಬೇಡ.

ಇಳಿಜಾರನ್ನು ಮರೆಯಬೇಡಿ. ಸಣ್ಣ ರಿಮ್ ಬೇಗ ಬಿಸಿ ಆಗುತ್ತದೆ, ಬ್ರೇಕ್ ರಬ್ಬರಿನಲ್ಲಿ ಮುರಕಲ್ಲಿನ ಹರಳು ಸಿಕ್ಕಿಕೊಂಡು ರಿಮ್ ಕೊರೆಯುತ್ತದೆ. ವಾರಕ್ಕೊಮ್ಮೆ ರಬ್ಬರ್ ನೋಡಿ, ಹರಳನ್ನು ಸೂಜಿಯಲ್ಲಿ ಕಿತ್ತು ತೆಗೆಯಿರಿ. ಮಳೆಯಲ್ಲಾದರೆ ಬೇಕಾಗುವುದಕ್ಕಿಂತ ಸ್ವಲ್ಪ ಮೊದಲೇ ಮೆಲ್ಲಗೆ ಬ್ರೇಕ್ ಮುಟ್ಟಿಸಿ, ರಿಮ್ಮಿನ ನೀರು ಒರೆಸಿಹೋಗಲಿ. ಹತ್ತುವಾಗ ಮುಂದಿನ ಚಕ್ರ ಎದ್ದಂತೆ ಆಗುತ್ತಿದ್ದರೆ ಬ್ಯಾಗನ್ನು ಹಿಂದಿನ ಕ್ಯಾರಿಯರ್‌ನಿಂದ ತೆಗೆದು ಮುಂದೆ ಕಟ್ಟಿ.

ನಾನು 52ರಲ್ಲಿ ಇದ್ದಾಗ ಧರ್ಮತ್ತಡ್ಕದಿಂದ ಪೊಸಡಿಗುಂಪೆ ಗುಡ್ಡೆಯ ಕಡೆಗೆ ಹೋಗಲು ನೋಡಿ, ಅರ್ಧ ದಾರಿ ತಳ್ಳಿಕೊಂಡೇ ಹೋಗಿದ್ದೆ. 42ಕ್ಕೆ 34 ಮಾಡಿದ ಮೇಲೆ ಅದೇ ದಾರಿಯಲ್ಲಿ ಕಾಲು ನೆಲಕ್ಕೆ ಇಡದೆ, ಸೀಟಿನಲ್ಲಿ ಕೂತೇ ಹತ್ತಿದೆ. ನಿಧಾನ, ನಿಜ. ಆದರೆ ಮರುದಿನ ಮೊಣಕಾಲು ನೋವಿರಲಿಲ್ಲ.

ಎಲ್ಲ ಜೋಡಿಸಿದ ಮೇಲೆ ರಸ್ತೆಗೆ ಇಳಿಯುವ ಮೊದಲು ಸೈಕಲನ್ನು ಒಮ್ಮೆ ಪೂರ್ತಿ ಮಡಚಿ, ಬಿಡಿಸಿ ನೋಡಿ. ಹಿಂಜ್ ಹತ್ತಿರ ಗೇರಿನ ಕೇಬಲ್ ಬಿಗಿ ಬಂದರೆ ಅಲ್ಲೇ ಗೊತ್ತಾಗುತ್ತದೆ. ಬೋಲ್ಟಿನ ಅಂತರ ಅಳೆದು 76 ಬಂತಾ, 65 ಬಂತಾ ಇಲ್ಲೇ ತಿಳಿಸಿ. ಪುಲ್ಲರ್, ಫ್ರೀವೀಲ್ ಟೂಲ್ ಎರಡೂ ನನ್ನಲ್ಲಿವೆ. ಭಾನುವಾರ ನೀರ್ಚಾಲು ಕಡೆಗೆ ಬಂದರೆ ನಮ್ಮ ಅಂಗಳದಲ್ಲೇ ಬಿಚ್ಚೋಣ.