ಬಾಲಿಗೆ ಹೊರಟವರ ಸ್ಕೂಟರ್ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಬಾಲಿಯದೇ ಹೆಚ್ಚು, ಅದರಲ್ಲೂ ಅಲ್ಲಿ ಸ್ಕೂಟರ್ ಬಾಡಿಗೆಗೆ ಹಿಡಿಯುವ ವಿಚಾರ. ಹಾಗಾಗಿ ಉಳಿದ ಊರುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. 2023ರ ಮಾರ್ಚ್‌ನಲ್ಲಿ ಉಬುದ್‌ನ ಒಂದು ಮನೆಯಲ್ಲಿ ಕೋಣೆ ಹಿಡಿದು 23 ದಿನ ಇದ್ದೆ. ಅಷ್ಟೂ ದಿನ ಓಡಾಡಿದ್ದು ಸ್ಕೂಟರ್‌ನಲ್ಲೇ. ಅಲ್ಲಿ ಕಂಡದ್ದು, ಅಲ್ಲಿ ಪಟ್ಟದ್ದು, ಎರಡನ್ನೂ ಇಟ್ಟುಕೊಂಡು ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮದುವೆಯಾಗಿ ಎರಡು ತಿಂಗಳಾಯಿತು. ಇನ್ನು ಮೂರು ತಿಂಗಳಿಗೆ ಬಾಲಿಗೆ ಹೋಗುತ್ತಿದ್ದೇವೆ. ನನ್ನವರು ಹತ್ತು ವರ್ಷದಿಂದ ಆಕ್ಟಿವಾ ಓಡಿಸುತ್ತಾರೆ, ಆದರೆ ಲೈಸೆನ್ಸ್ ಇರುವುದು ಕಾರಿಗೆ ಮಾತ್ರ. ಅಲ್ಲಿ ಯಾರೂ ಕೇಳುವುದಿಲ್ಲ ಅಂತ ಅವರ ಸ್ನೇಹಿತರು ಹೇಳಿದ್ದಾರೆ. ನಿಜವೇ? — ಹೆಸರು ಬೇಡ, ಹಾಸನ

ತಂಗಿ, ಗಾಡಿ ಕೊಡುವವರು ಕೇಳುವುದಿಲ್ಲ, ಅಷ್ಟು ಮಾತ್ರ ನಿಜ. ನನಗೆ ಗಾಡಿ ಕೊಟ್ಟವನು ಹೆಸರು ಬರೆದುಕೊಂಡ, ದಿನಕ್ಕೆ 80 ಸಾವಿರ ರುಪಿಯಾದ ಲೆಕ್ಕದಲ್ಲಿ ಒಂದು ವಾರದ ದುಡ್ಡು ಎಣಿಸಿಕೊಂಡ, ಕೀಲಿ ಕೊಟ್ಟ. ನಮ್ಮ ಲೆಕ್ಕದಲ್ಲಿ ದಿನಕ್ಕೆ ನಾನೂರು ಚಿಲ್ಲರೆ ರೂಪಾಯಿ. ಎರಡು ನಿಮಿಷದ ಕೆಲಸ. ಆದರೆ ರಸ್ತೆಯಲ್ಲಿ ಪೊಲೀಸರು ಕೇಳುತ್ತಾರೆ. ಇಂಡೊನೇಷ್ಯಾದ 2009ರ ಸಂಚಾರ ಕಾನೂನಿನ ಪ್ರಕಾರ ಲೈಸೆನ್ಸ್ ಇಲ್ಲದೆ ಓಡಿಸಿದರೆ 10 ಲಕ್ಷ ರುಪಿಯಾದವರೆಗೆ ದಂಡ, ಹೆಲ್ಮೆಟ್ ಇಲ್ಲದಿದ್ದರೆ ಎರಡೂವರೆ ಲಕ್ಷದವರೆಗೆ. ನಾನಿದ್ದ ತಿಂಗಳಲ್ಲೇ ಆಗಿನ ಗವರ್ನರ್ ವಯಾನ್ ಕೊಸ್ಟರ್ ಅವರು ವಿದೇಶಿ ಪ್ರವಾಸಿಗರಿಗೆ ಬೈಕ್ ಬಾಡಿಗೆ ಕೊಡುವುದನ್ನೇ ನಿಲ್ಲಿಸಬೇಕು ಎಂದು ಹೇಳಿಕೆ ಕೊಟ್ಟಿದ್ದರು. ಹೆಲ್ಮೆಟ್ ಇಲ್ಲದೆ, ಮೈಮೇಲೆ ಅಂಗಿಯೂ ಇಲ್ಲದೆ ಗಾಡಿ ಓಡಿಸುವ ಪ್ರವಾಸಿಗರನ್ನು ನೋಡಿ ನೋಡಿ ಊರಿನವರಿಗೆ ಸಾಕಾಗಿ ಹೋಗಿತ್ತು.

ದಂಡವನ್ನಾದರೂ ಕಟ್ಟಿ ಮುಗಿಸಬಹುದು. ಆಸ್ಪತ್ರೆಯ ಬಿಲ್ಲನ್ನು ಹಾಗೆ ಮುಗಿಸಲು ಆಗುವುದಿಲ್ಲ. ನನ್ನ ಪಕ್ಕದ ಕೋಣೆಯಲ್ಲಿ ಬೆಂಗಳೂರಿನ ಹುಡುಗನೊಬ್ಬ ಇದ್ದ. ಮಳೆಯಲ್ಲಿ ಗಾಡಿ ಜಾರಿ ಭುಜದ ಹತ್ತಿರ ಮೂಳೆ ಮುರಿದುಕೊಂಡ. ಪ್ರವಾಸದ ವಿಮೆ ಮಾಡಿಸಿದ್ದೇನೆ ಎಂಬ ಧೈರ್ಯ ಇತ್ತು. ವಿಮೆಯವರು ಮೊದಲು ಕೇಳಿದ್ದೇ ದ್ವಿಚಕ್ರದ ಲೈಸೆನ್ಸ್. ಅವನದೂ ನಿಮ್ಮವರ ಹಾಗೇ, ಕಾರಿನದು. ಒಂದು ರೂಪಾಯಿ ಬರಲಿಲ್ಲ. ಆ ರಾತ್ರಿ ಮೆಟ್ಟಿಲ ಮೇಲೆ ಕೂತು, ಎಡಗೈಯಲ್ಲಿ ಫೋನ್ ಹಿಡಿದು ಅಪ್ಪನ ಹತ್ತಿರ ದುಡ್ಡು ಕೇಳುತ್ತಿದ್ದ ಅವನ ದನಿ ನನಗೆ ಇನ್ನೂ ಮರೆತಿಲ್ಲ.

ನಿಮಗೆ ಮೂರು ತಿಂಗಳಿದೆ, ಧಾರಾಳ ಆಯಿತು. ಇವತ್ತೇ ನಿಮ್ಮವರ ಲೈಸೆನ್ಸ್ ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿ. ಎಲ್‌ಎಂವಿ ಎಂದಷ್ಟೇ ಇದ್ದರೆ ಅದು ಕಾರಿನದು. ಎಂಸಿಡಬ್ಲ್ಯುಜಿ ಅಂದರೆ ಗೇರ್ ಇರುವ ಬೈಕು, ಎಂಸಿಡಬ್ಲ್ಯುಒಜಿ ಅಂದರೆ ಗೇರ್ ಇಲ್ಲದ್ದು. ಇವೆರಡರಲ್ಲಿ ಒಂದಾದರೂ ಬೇಕೇ ಬೇಕು. ಇಲ್ಲದಿದ್ದರೆ ಹಾಸನದಲ್ಲಿ ಓಡಿಸುತ್ತಿರುವುದೂ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆಯೇ. ಆರ್‌ಟಿಒದಲ್ಲಿ ಎಲ್‌ಎಲ್ ಮಾಡಿಸಿ, 30 ದಿನ ಕಳೆದ ಮೇಲೆ ಟೆಸ್ಟ್ ಕೊಟ್ಟು ದ್ವಿಚಕ್ರವನ್ನು ಸೇರಿಸಿಕೊಳ್ಳಬೇಕು. ಆಮೇಲೆ ಹೊರದೇಶದಲ್ಲಿ ಗಾಡಿ ಓಡಿಸಲು ಬೇಕಾದ ಅಂತರರಾಷ್ಟ್ರೀಯ ಪರ್ಮಿಟ್. ಅರ್ಜಿ ಫಾರಂ 4ಎ, ಶುಲ್ಕ 1000 ರೂಪಾಯಿ, ಪರಿವಾಹನ್ ಜಾಲತಾಣದಲ್ಲೇ ಹಾಕಬಹುದು. ಒಂದು ವರ್ಷ ನಡೆಯುತ್ತದೆ. ಅದಕ್ಕೆ ಮೊದಲೇ ಲೈಸೆನ್ಸ್ ಅವಧಿ ಮುಗಿದರೆ ಪರ್ಮಿಟ್ಟೂ ಮುಗಿದಂತೆ. ಪುಸ್ತಕ ಕೈಗೆ ಬಂದ ಕೂಡಲೇ ಬೈಕಿನ ವರ್ಗದ ಎದುರು ಮುದ್ರೆ ಬಿದ್ದಿದೆಯೇ ಎಂದು ಕೌಂಟರ್ ಮುಂದೆಯೇ ನೋಡಿಕೊಳ್ಳಿ. ಮನೆಗೆ ಬಂದು ನೋಡಿದರೆ ಮತ್ತೊಂದು ದಿನ ಹೋಯಿತು.

ವಿಮೆ ಕೊಳ್ಳುವ ಮುಂಚೆ ಕಂಪನಿಗೆ ಇಮೇಲ್ ಬರೆದು ಕೇಳಿ: ಇಂಡೊನೇಷ್ಯಾದಲ್ಲಿ ಬಾಡಿಗೆ ಸ್ಕೂಟರ್ ಓಡಿಸುವಾಗ ಗಾಯವಾದರೆ ಪರಿಹಾರ ಉಂಟೇ, ಎಷ್ಟು ಸಿಸಿಯವರೆಗೆ, ನನ್ನ ಬಳಿ ಯಾವ ಕಾಗದ ಇರಬೇಕು, ಹಿಂದೆ ಕೂತವರಿಗೂ ಅನ್ವಯಿಸುತ್ತದೆಯೇ. ಉತ್ತರವೂ ಇಮೇಲ್‌ನಲ್ಲೇ ಬರಲಿ. ಫೋನಿನಲ್ಲಿ ಹೇಳಿದ ‘ಹೌದು ಮೇಡಂ’ ಕ್ಲೇಮಿನ ದಿನ ಕೈಗೆ ಬರುವುದಿಲ್ಲ.

ಟೆಸ್ಟ್ ಆಗಲಿಲ್ಲ, ಸಮಯ ಸಿಗಲಿಲ್ಲ ಅಂದರೆ ಡ್ರೈವರ್ ಸಮೇತ ಕಾರು ತೆಗೆದುಕೊಳ್ಳಿ. ಹೊಸದಾಗಿ ಮದುವೆಯಾದವರು ಹಿಂದಿನ ಸೀಟಿನಲ್ಲಿ ಜೊತೆಯಾಗಿ ಕೂತು ಊರು ನೋಡುವುದೂ ಚಂದವೇ.

ಪ್ರಶ್ನೆ: ಗಾಡಿ ಕೊಡಬೇಕಾದರೆ ಪಾಸ್‌ಪೋರ್ಟ್ ಅಡ ಇಡಬೇಕು ಎನ್ನುತ್ತಾರಂತೆ. ಇಡಬಹುದೇ? ಗಾಡಿ ತೆಗೆದುಕೊಳ್ಳುವಾಗ ಏನೇನು ನೋಡಬೇಕು? — ಓದುಗರು, ಮಂಗಳೂರು

ಇಡಬೇಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ನಿಮ್ಮದೂ ಅಲ್ಲ. ಅದು ಅವರ ಡ್ರಾಯರಿಗೆ ಹೋಯಿತೆಂದರೆ ಆಮೇಲೆ ಒಂದು ಗೀರಿಗೆ ಅವರು ಹೇಳಿದ್ದೇ ಬೆಲೆ. ಜೆರಾಕ್ಸ್ ಕೊಡುತ್ತೇನೆ, ಸ್ವಲ್ಪ ಮುಂಗಡ ಇಡುತ್ತೇನೆ ಎನ್ನಿ. ಒಪ್ಪದಿದ್ದರೆ ಮುಂದಿನ ಅಂಗಡಿ. ನೀವು ಉಳಿದುಕೊಂಡ ಮನೆಯವರ ಮೂಲಕವೇ ಹಿಡಿದರೆ ಈ ಮಾತೇ ಬರುವುದಿಲ್ಲ.

ಕೀಲಿ ತೆಗೆದುಕೊಳ್ಳುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು ಬಂದು ವಿಡಿಯೊ ಮಾಡಿ. ಕೊಟ್ಟವರೂ ಅದರಲ್ಲಿ ಕಾಣಲಿ. ಕನ್ನಡಿ, ಫುಟ್‌ಬೋರ್ಡಿನ ಅಂಚು, ಸೈಲೆನ್ಸರ್ ಮೇಲಿನ ಗೀರು ಎಲ್ಲವೂ ಬರಲಿ. ಟೈರ್ ಸವೆದಿದ್ದರೆ ಬೇರೆ ಗಾಡಿ ಕೇಳಿ, ನಾಚಿಕೆ ಬೇಡ. ಎಸ್‌ಟಿಎನ್‌ಕೆ ಅನ್ನುವ ನೋಂದಣಿ ಕಾಗದ ಗಾಡಿಯಲ್ಲೇ ಇರಬೇಕು, ಪೊಲೀಸರು ಕೇಳುವುದು ಅದನ್ನೂ. ಹೆಲ್ಮೆಟ್ ಎರಡು ಕೇಳಿ. ನಮ್ಮಲ್ಲಿ ಐಎಸ್‌ಐ ಇದ್ದಂತೆ ಅಲ್ಲಿ ಎಸ್‌ಎನ್‌ಐ ಎಂಬ ಗುರುತು. ಗದ್ದದ ಪಟ್ಟಿಯ ಬಕಲ್ ಮುರಿದದ್ದನ್ನು ಕೊಡುವುದು ಅಲ್ಲಿ ಮಾಮೂಲು, ಅದನ್ನು ಅಲ್ಲೇ ಹಾಕಿ ನೋಡಿ.

ಇನ್ನೊಂದು ಮಾತು. ಮೊದಲ ದಿನ ಬೆಳಿಗ್ಗೆ ನನ್ನ ಗಾಡಿ ಸ್ಟಾರ್ಟೇ ಆಗಲಿಲ್ಲ. ಹತ್ತು ನಿಮಿಷ ಒದ್ದಾಡಿದೆ. ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಹಿಡಿಯದ ಹಾಗೆ ಅದರಲ್ಲಿ ವ್ಯವಸ್ಥೆ ಇತ್ತು. ಸ್ಟ್ಯಾಂಡ್ ಎತ್ತಿ, ಬ್ರೇಕ್ ಹಿಡಿದು, ಆಮೇಲೆ ಗುಂಡಿ ಒತ್ತಿ.

ಪ್ರಶ್ನೆ: ಪೆಟ್ರೋಲನ್ನು ಬಾಟಲಿಯಲ್ಲಿ ಮಾರುತ್ತಾರಂತೆ, ಹಾಕಿಸಬಹುದೇ? — ಓದುಗರು, ಗದಗ

ಹೌದು, ರಸ್ತೆ ಬದಿಯಲ್ಲಿ ವೋಡ್ಕಾ ಬಾಟಲಿಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಕಷ್ಟಕಾಲಕ್ಕೆ ಒಂದು ಬಾಟಲಿ ತೊಂದರೆಯಿಲ್ಲ. ಉಳಿದಂತೆ ಪರ್ತಮಿನಾ ಬಂಕಿಗೇ ಹೋಗಿ, ದರ ಕಡಿಮೆ, ಅಳತೆಯೂ ಸರಿ.

ಪ್ರಶ್ನೆ: ಮಾರ್ಚ್‌ನಲ್ಲಿ ಹೋಗುತ್ತಿದ್ದೇವೆ. ಅಲ್ಲಿನ ರಸ್ತೆಗಳು ಹೇಗೆ? ನುಸಾ ಪೆನಿಡಾಕ್ಕೂ ಸ್ಕೂಟರ್‌ನಲ್ಲೇ ಹೋಗುವ ಆಸೆ. — ಓದುಗರು, ಉಡುಪಿ

ಪೆನಿಡಾ ಬೇರೆಯೇ ದ್ವೀಪ, ಬಾಲಿಯ ಸನೂರಿನಿಂದ ದೋಣಿಯಲ್ಲಿ ಹೋಗಬೇಕು, ಗಾಡಿಯನ್ನು ಅಲ್ಲಿ ಇಳಿದ ಮೇಲೆ ಹಿಡಿಯುವುದು. ನಾನಾದರೆ ಹಿಡಿಯುವುದಿಲ್ಲ. ಕಡಿದಾದ ಇಳಿಜಾರು, ಕಿತ್ತುಹೋದ ಡಾಂಬರು, ತಿರುವಿನಲ್ಲಿ ಎದುರಿಗೆ ಬರುವ ವ್ಯಾನುಗಳು. ಅಲ್ಲಿ ಕಾರು ಮಾಡಿಕೊಳ್ಳಿ.

ಬಾಲಿಯೊಳಗೆ ನಮ್ಮ ಹಾಗೇ ಎಡಬದಿಯ ಸಂಚಾರ, ಅದೊಂದು ದೊಡ್ಡ ನಿರಾಳ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು, ಅದು ಕಾನೂನು. ಮಾರ್ಚ್ ಅಂದರೆ ಮಳೆಗಾಲದ ಕೊನೆ, ಮಧ್ಯಾಹ್ನದ ಮೇಲೆ ದಬದಬ ಸುರಿದು ಬಿಡುತ್ತದೆ. ಸುರಿದಾಗ ನಿಂತುಬಿಡಿ, ಅಲ್ಲಿನವರೂ ನಿಲ್ಲುತ್ತಾರೆ. ಚಾಂಗುವಿನ ಕಡೆ ಗದ್ದೆಯ ನಡುವೆ ಕಿರಿದಾದ ಅಡ್ಡದಾರಿ ಇದೆ, ಎದುರಿಗೆ ಕಾರು ಬಂದರೆ ಚಕ್ರ ಗದ್ದೆಯ ಅಂಚಿಗೇ ಬರುತ್ತದೆ. ನಕ್ಷೆ ಅದನ್ನೇ ತೋರಿಸಿದರೂ ದೊಡ್ಡ ರಸ್ತೆಯಲ್ಲೇ ಹೋಗಿ. ಗಾಡಿಯಲ್ಲಿ ಸುತ್ತಲೇಬೇಕು ಅಂದರೆ ನಾನು ಹೇಳುವುದು ಸಿಡೆಮೆನ್ ಕಣಿವೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಒಂದು ಕಡೆ ಭತ್ತದ ಮೆಟ್ಟಿಲು ಗದ್ದೆ, ಮೋಡ ಸರಿದರೆ ಅಗುಂಗ್ ಬೆಟ್ಟ, ರಸ್ತೆಯಲ್ಲಿ ಶಾಲೆಗೆ ಹೊರಟ ಮಕ್ಕಳು. ಅದನ್ನು ಕಾರಿನ ಗಾಜಿನೊಳಗಿಂದ ನೋಡುವುದಕ್ಕೂ ಗಾಳಿಗೆ ಮೈಯೊಡ್ಡಿ ನೋಡುವುದಕ್ಕೂ ತುಂಬಾ ವ್ಯತ್ಯಾಸ.

ನೀವು ಉಡುಪಿಯವರಾದ್ದರಿಂದ ಇದನ್ನು ಹೇಳಲೇಬೇಕು. ಮನೆಮನೆಯ ಬಾಗಿಲಲ್ಲಿ, ರಸ್ತೆಯ ಅಂಚಿನಲ್ಲೇ, ದಿನಾ ಚನಾಂಗ್ ಇಡುತ್ತಾರೆ. ಅಂಗೈಯಗಲದ ತೆಂಗಿನ ಗರಿಯ ತಟ್ಟೆ, ಅದರಲ್ಲಿ ಹೂವು, ನಾಲ್ಕು ಅಗಳು ಅನ್ನ, ಕೆಲವೊಮ್ಮೆ ಒಂದು ಬಿಸ್ಕತ್ತು, ಮೇಲೆ ಉರಿಯುವ ಊದುಬತ್ತಿ. ನಮ್ಮ ಮನೆಯೊಡತಿಯನ್ನು ಎಲ್ಲರೂ ಇಬು ಎನ್ನುತ್ತಿದ್ದರು, ಅಂದರೆ ಅಮ್ಮ. ಅವರು ಬಗ್ಗಿ ಅದನ್ನಿಟ್ಟು, ಹೂವಿನಿಂದ ನೀರು ಚಿಮುಕಿಸಿ, ಕೈಯಿಂದ ಹೊಗೆಯನ್ನು ಮೆಲ್ಲಗೆ ಮುಂದಕ್ಕೆ ಬೀಸುತ್ತಿದ್ದರು. ಅದು ಮುಗಿಯುವವರೆಗೆ ನಾನು ಗಾಡಿ ಹಿಡಿದು ಕಾಯುತ್ತಿದ್ದೆ. ರಂಗೋಲಿ ದಾಟುವಾಗ ನಾವು ಕಾಲನ್ನು ಹೇಗೆ ಪಕ್ಕಕ್ಕೆ ಇಡುತ್ತೇವೋ ಹಾಗೆ ಚಕ್ರವನ್ನು ಪಕ್ಕಕ್ಕೆ ತಿರುಗಿಸಿ. ಮೆರವಣಿಗೆ ಬಂದಾಗ ಕಪ್ಪು ಬಿಳುಪು ಚೌಕುಳಿ ಬಟ್ಟೆ ಉಟ್ಟ ಪೆಚಲಾಂಗ್‌ಗಳು, ಅಂದರೆ ಊರಿನ ಕಾವಲಿನವರು, ಕೈ ಅಡ್ಡ ಹಿಡಿಯುತ್ತಾರೆ. ಎಂಜಿನ್ ಆರಿಸಿ ನಿಲ್ಲಿ, ಹಾರ್ನ್ ಮಾತ್ರ ಬೇಡ.

ನಮ್ಮ ಆಯುಧಪೂಜೆಯಂಥದ್ದೇ ಅಲ್ಲೂ ಇದೆ, ತುಂಪೆಕ್ ಲಾಂಡೆಪ್ ಅಂತ. ಅವರ ಪಂಚಾಂಗದಲ್ಲಿ 210 ದಿನಕ್ಕೊಮ್ಮೆ ಬರುತ್ತದೆ. ಹಿಂದೆ ಕಠಾರಿ, ಈಟಿಗಳಿಗೆ ಆಗುತ್ತಿದ್ದ ಪೂಜೆ ಈಗ ಕಾರು, ಸ್ಕೂಟರ್‌ಗಳಿಗೂ ಆಗುತ್ತದೆ. ಬಾಡಿಗೆ ಗಾಡಿಯ ಹ್ಯಾಂಡಲಿನಲ್ಲಿ ಒಣಗಿದ ಗರಿಯ ಕಟ್ಟು ನೇತಾಡುತ್ತಿದ್ದರೆ ಕಿತ್ತು ಬಿಸಾಡಬೇಡಿ.

ಮಾರ್ಚ್ ಅಂದಿರಲ್ಲ, ದಿನಾಂಕ ನೋಡಿಕೊಳ್ಳಿ. ಅವರ ಶಕ ವರ್ಷದ ಹೊಸ ವರುಷ ನ್ಯೆಪಿ ಸಾಮಾನ್ಯವಾಗಿ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. 2023ರಲ್ಲಿ ಎರಡೂ ಒಂದೇ ದಿನ, ಮಾರ್ಚ್ 22. ಅಂದು ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಯಾರೂ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಹಿಂದಿನ ಸಂಜೆ ಓಗೊ-ಓಗೊ ಭೂತಗಳ ಮೆರವಣಿಗೆ, ರಸ್ತೆಗಳು ಬಂದ್. ಅದಕ್ಕೆ ಮೊದಲೇ ಗಾಡಿಯನ್ನು ಒಳಗೆ ನಿಲ್ಲಿಸಿ, ಎರಡು ದಿನಕ್ಕಾಗುವಷ್ಟು ಹಣ್ಣು, ಬ್ರೆಡ್ ತಂದಿಟ್ಟುಕೊಳ್ಳಿ.

ಪ್ರಶ್ನೆ: ಮಗಳಿಗೆ 24 ವರ್ಷ, ಒಬ್ಬಳೇ ಬಾಲಿಗೆ ಹೊರಟಿದ್ದಾಳೆ. ಲೈಸೆನ್ಸ್, ಪರ್ಮಿಟ್ ಎಲ್ಲ ಇದೆ. ಸ್ಕೂಟರ್ ಬೇಡ ಅಂದರೆ ಕೇಳುತ್ತಿಲ್ಲ. ಏನು ಹೇಳಲಿ? — ತಾಯಿ, ದಾವಣಗೆರೆ

ಅಕ್ಕಾ, ತಡೆಯಬೇಡಿ. ಕಾಗದ ಸರಿಯಾಗಿ ಮಾಡಿಸಿಕೊಂಡಿದ್ದಾಳೆ ಅಂದರೆ ಅವಳಿಗೆ ಜವಾಬ್ದಾರಿ ಇದೆ. ಬೇಡ ಅನ್ನುವ ಬದಲು ಎರಡು ವಿಷಯ ಹೇಳಿ ಕಳಿಸಿ.

ಒಂದು, ಬಟ್ಟೆ. ಸೆಖೆ ಅಂತ ನಾನೂ ಮೊಣಕಾಲಿನವರೆಗಿನ ಪ್ಯಾಂಟ್, ಚಪ್ಪಲಿಯಲ್ಲಿ ಹೋಗುತ್ತಿದ್ದೆ. ಒಂದು ಸಂಜೆ ಸಿಡೆಮೆನ್‌ನಿಂದ ಬರುವಾಗ ಚರಂಡಿಗೆ ತಾಗಿಸಿ ಗಾಡಿ ನಿಲ್ಲಿಸಿದೆ. ಎಡಗಡೆ ಇಳಿಯಲು ಜಾಗ ಇರಲಿಲ್ಲ, ಬಲಗಡೆ ಇಳಿದೆ. ಸೈಲೆನ್ಸರ್ ಇರುವುದು ಬಲಕ್ಕೇ. ಮೀನಖಂಡ ಅದಕ್ಕೆ ತಾಗಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟಕ್ಕೇ ಮೊಟ್ಟೆಯಾಕಾರದಲ್ಲಿ ಚರ್ಮ ಬೆಳ್ಳಗಾಗಿ, ರಾತ್ರಿಯ ಹೊತ್ತಿಗೆ ಬೊಬ್ಬೆ ಎದ್ದಿತು. ಪಕ್ಕದ ಅಂಗಡಿಯ ಹೆಂಗಸು ಓಡಿಬಂದು ಟೂತ್‌ಪೇಸ್ಟ್ ಹಚ್ಚಲು ಹೊರಟಳು. ನಾನು ಬೇಡವೆಂದು ಕೈಸನ್ನೆ ಮಾಡಿ, ಅವಳ ನಲ್ಲಿಯ ಕೆಳಗೇ ಇಪ್ಪತ್ತು ನಿಮಿಷ ಕಾಲು ಹಿಡಿದೆ. ಸುಟ್ಟಗಾಯಕ್ಕೆ ಮೊದಲು ಆಗಬೇಕಾದದ್ದು ಅದೇ, ಹರಿಯುವ ತಣ್ಣೀರು. ಪೇಸ್ಟ್, ಐಸ್, ಅರಿಶಿನ ಯಾವುದೂ ಬೇಡ. ಬೊಬ್ಬೆಯನ್ನು ಒಡೆಯಬಾರದು. ಅದಾದ ಮೇಲೆ ಏಳು ದಿನ ಸಮುದ್ರಕ್ಕೆ ಇಳಿಯಲು ಆಗಲಿಲ್ಲ, ಕಲೆ ಇವತ್ತಿಗೂ ಇದೆ. ಹಾಗಾಗಿ ಅವಳ ಚೀಲದಲ್ಲಿ ಒಂದು ಜೀನ್ಸ್, ಒಂದು ಜೊತೆ ಬೂಟು, ಉದ್ದ ತೋಳಿನ ಅಂಗಿ ಇರಲಿ. ಇಳಿಯುವುದು ಯಾವಾಗಲೂ ಎಡಗಡೆ.

ಎರಡು, ರಾತ್ರಿ. ಕತ್ತಲಾದ ಮೇಲೆ ಗಾಡಿ ಬೇಡ. ನಾಯಿಗಳು ಅಡ್ಡ ಬರುತ್ತವೆ, ಮುರಿದ ರಸ್ತೆ ಕಾಣುವುದಿಲ್ಲ, ಕುಡಿದವರು ಎದುರು ಬರುತ್ತಾರೆ. ಫೋನನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೋದರೆ ಕಿತ್ತುಕೊಂಡು ಓಡುವವರೂ ಇದ್ದಾರೆ. ಆರೂವರೆಗೆ ಅಲ್ಲಿ ಕತ್ತಲು. ಆಮೇಲೆ ಎಲ್ಲಿಗಾದರೂ ಹೋಗಬೇಕಿದ್ದರೆ ಗೊಜೆಕ್ ಅಥವಾ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆಯಲಿ.

ಮೊದಲ ದಿನ ದೂರ ಹೋಗದೆ, ಉಳಿದುಕೊಂಡ ಬೀದಿಯಲ್ಲೇ ಅರ್ಧ ಗಂಟೆ ಓಡಿಸಿ ಬ್ರೇಕ್ ಕೈಗೆ ಹೊಂದಿಸಿಕೊಳ್ಳಲಿ. ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ನಿಮಗೊಂದು ಮೆಸೇಜ್ ಹಾಕಲು ಹೇಳಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ನಿಮಗೆ ನಾಲ್ಕು ಗಂಟೆಯ ಕಾಫಿಯ ಹೊತ್ತಿಗೆಲ್ಲ ಅದು ಬಂದಿರುತ್ತದೆ.